ತಾರಸಿಯ ಮೇಲೆ ಅತ್ತೆ ಬರೆದ ಮನೆ

ನಮ್ಮ ಅತ್ತೆಯ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಬೆಳ್ಳಗಿರುತ್ತಿದ್ದವು. ರಂಗೋಲಿ ಪುಡಿ ಚರ್ಮದ ಗೆರೆಗಳಲ್ಲಿ ಕೂತುಬಿಟ್ಟಿತ್ತು; ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ದಾರ ಹಿಡಿಯದೆ ಗೆರೆ ಎಳೆದರೂ ಒಂದಿಷ್ಟೂ ಸೊಟ್ಟ ಬರುತ್ತಿರಲಿಲ್ಲ. ಹರಿಹರದ ತವರಿನಿಂದ ತಂದದ್ದು ಇದೊಂದೇ ವಿದ್ಯೆ ಎನ್ನುತ್ತಿದ್ದರು. ಸುಳ್ಳು. ವಾದ ಮಾಡದೆ ಗೆಲ್ಲುವ ವಿದ್ಯೆಯನ್ನೂ ಅಲ್ಲಿಂದಲೇ ತಂದಿದ್ದರು.

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಮ್ಮದು ಹಳೆಯ ಮನೆ. ಅದನ್ನು ಹೊಸದು ಮಾಡಿಸುವ ಮಾತು ಬಂದಾಗ ನನ್ನ ಗಂಡ ಇಂಜಿನಿಯರ್ ಹತ್ತಿರ ಪ್ಲಾನ್ ಹಾಕಿಸಿಕೊಂಡು ಬಂದರು. ಅಡಿಗೆಮನೆ ದೊಡ್ಡದಾಗಿತ್ತು, ಬಚ್ಚಲು ಒಳಗೆ ಬಂದಿತ್ತು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ ಮಾತ್ರ ಮಾಯವಾಗಿತ್ತು. ಅದನ್ನು ಒಡೆದು ಅಲ್ಲಿ ಕಾರು ನಿಲ್ಲಿಸುವುದಂತೆ. ಆ ಕೋಣೆಯಲ್ಲಿ ನಾನು ರವಿಕೆ ಹೊಲಿಯುತ್ತಿದ್ದೆ. ಬಡಾವಣೆಯ ಅರ್ಧ ಹೆಂಗಸರ ಅಳತೆ ನನಗೆ ಬಾಯಿಪಾಠ.

"ಮಷಿನ್ ಮೆಟ್ಲ ಕೆಳಗೆ ಇಟ್ಕಂಡ್ರಾತು" ಎಂದರು ಗಂಡ.

ಮೆಟ್ಟಿಲ ಕೆಳಗೆ ಗಿರಾಕಿಯನ್ನು ಎಲ್ಲಿ ಕೂರಿಸಲಿ? ಸಿಟ್ಟೂ ಬಂತು, ಅಳುವೂ ಬಂತು. ಮನೆ ಅತ್ತೆಯ ಹೆಸರಿನಲ್ಲಿತ್ತು; ನನ್ನದೇನು ನಡೆದೀತು?

ಅತ್ತೆ ಪ್ಲಾನನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. "ಈ ಕಾಗದದಾಗೆ ನಾನು ಓಡಾಡಕ್ಕಾಗಲ್ಲ. ಮ್ಯಾಲೆ ಬರ್ರಿ ಎಲ್ರೂ" ಎಂದವರೇ ರಂಗೋಲಿ ಡಬ್ಬಿ ಹಿಡಿದು ತಾರಸಿ ಹತ್ತಿದರು. ಕೆಳಗೆ ಬರಲಿದ್ದ ಮನೆಯನ್ನು ಪ್ಲಾನಿನಲ್ಲಿದ್ದ ಹಾಗೇ, ಅದೇ ಉದ್ದ ಅಗಲದಲ್ಲಿ, ಪೂರಾ ತಾರಸಿಯ ಮೇಲೆ ಬರೆದರು. ಗೋಡೆಗೆ ಜೋಡಿ ಗೆರೆ, ಬಾಗಿಲಿಗೆ ಖಾಲಿ ಜಾಗ. ನನ್ನನ್ನು ಅಡಿಗೆಮನೆಯೊಳಗೆ ಕೂರಿಸಿ ಸುಳ್ಳುಸುಳ್ಳೇ ರೊಟ್ಟಿ ತಟ್ಟಿಸಿದರು. ಒಲೆಯಿಂದ ನೀರಿಗೆ ಹೋಗಲು ಊರು ಸುತ್ತಬೇಕಿತ್ತು. ಅದನ್ನು ನೋಡಲು ಗಂಡ ನೆಟ್ಟಗೆ ನಮ್ಮ ಕಡೆ ನಡೆದು ಬಂದರು.

"ಗ್ವಾಡೆ ಒಡಕಂಡು ಬಂದ್ಯಲ್ಲಪ್ಪಾ, ಬಾಗ್ಲು ಆ ಕಡೀಗೈತೆ" ಎಂದರು ಅತ್ತೆ.

ಕೊನೆಗೆ ಕಾರಿನ ಜಾಗಕ್ಕೆ ಬಂದರು. ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲಿನಿಂದ ಆ ಗೆರೆಗಳನ್ನು ಅಳಿಸಿ ಹಾಕಿದರು. ಅಲ್ಲಿ ಮತ್ತೆ ಕೋಣೆ ಬರೆದರು.

"ಅವ್ವಾ, ಕಾರು?"

"ಕಾರು ಬೀದ್ಯಾಗೆ ನಿಲ್ತೈತೆ. ಇಕಿ ದುಡಿಮೆ ಬೀದ್ಯಾಗೆ ನಿಲ್ಲಂಗಿಲ್ಲ."

ಆ ಕೋಣೆಗೆ ಬೀದಿಯ ಕಡೆ ಬೇರೆಯೇ ಬಾಗಿಲು ಬಿಟ್ಟರು. ಎಷ್ಟು ಅಗಲವೆಂದರೆ ಗಂಡ ರೇಗಿದರು. "ಇಷ್ಟು ಅಗಲ ಯಾಕ? ಕಟ್ಟಿಗೆ ರೇಟು ಗೊತ್ತೈತಾ?"

"ನಮ್ಮ ಮಂದ್ಯಾಗೆ ಸತ್ತೋರ್ನ ಕುಂದ್ರಿಸಿ ಕಳಿಸ್ತಾರೆ, ಮಲಗ್ಸಿ ಅಲ್ಲ. ನಾಳೆ ನಾನು ಕುರ್ಚಿ ಸಮೇತ ಹೊರಗೆ ಬರಬೇಕಲ್ಲ. ನಿನ್ನ ಪ್ಲಾನಿನ ಹಾಲ್ ಬಾಗ್ಲಾಗೆ ಸೋಫಾನೇ ಹಿಡಿಸಲ್ಲ."

ಬ್ಯಾಂಕಿನವರು ಪೂರ್ತಿ ಖರ್ಚಿಗೆ ಸಾಲ ಕೊಡುವುದಿಲ್ಲ. ಒಂದು ಪಾಲು ನಾವೇ ಹಾಕಬೇಕು. ಹರಿಹರದ ತವರಿನಲ್ಲಿ ಅತ್ತೆಗೆ ಬಂದಿದ್ದ ಸೈಟಿನ ಪಾಲು ಮಾರಿ ಅದನ್ನು ತುಂಬಿದೆವು. ಸಾಲಕ್ಕಾಗಿ ಮನೆಯನ್ನು ಮಗನ ಹೆಸರಿಗೆ ಮಾಡಬೇಕಾಗಿ ಬಂದಾಗ ಅತ್ತೆ ನೋಂದಣಿ ಕಚೇರಿಯಲ್ಲಿ ಕೂತು, "ಗಂಡ ಹೆಂಡ್ತಿ ಇಬ್ರ ಹೆಸರಿಗೂ ಬರೀರಿ. ಕಂತು ಇಬ್ರೂ ಕಟ್ತಾರೆ" ಎಂದರು. ನನ್ನ ತವರಿನಲ್ಲಿ ಯಾವ ಹೆಂಗಸಿನ ಹೆಸರಿಗೂ ಒಂದು ಮನೆ ಇದ್ದದ್ದಿಲ್ಲ. ಆವತ್ತು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. "ಅಳ್ತಾ ಕುಂತ್ರೆ ಸಹಿ ಕೆಡ್ತೈತೆ" ಎಂದು ಗದರಿಸಿದರು.

ಹೊಸ ಕೋಣೆಯಲ್ಲಿ ಈಗ ಮೂರು ಮಷಿನ್ ಓಡುತ್ತವೆ. ಅತ್ತೆ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದರು. ಅಳತೆ ಕೊಡಲು ಬಂದವರು ಮನೆ ರಿಪೇರಿಯ ಸಲಹೆಯನ್ನೂ ಕೇಳಿಕೊಂಡು ಹೋಗುತ್ತಿದ್ದರು. "ಮೊದ್ಲು ಗೆರೆ ಎಳ್ದು ಒಂದಿನ ಒಳಗೆ ಬದುಕಿ ನೋಡ್ರಿ. ಸಾಲ ಆಮೇಲೆ" ಎನ್ನುತ್ತಿದ್ದರು.

ಹೋದ ವರ್ಷ ಅತ್ತೆ ತೀರಿಕೊಂಡರು. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಹೊತ್ತವರು ಹಾಲಿನ ಬಾಗಿಲ ಕಡೆ ತಿರುಗಿದಾಗ ನನ್ನ ಗಂಡ, "ಆ ಕಡೀಗೆ ಬ್ಯಾಡ್ರಿ, ಹಿಂಗೆ ಬರ್ರಿ" ಎಂದರು. ಬೀದಿಯಲ್ಲಿದ್ದ ಕಾರನ್ನು ಅವರು ಆಗಲೇ ದೂರ ನಿಲ್ಲಿಸಿ ಬಂದಿದ್ದರು. ನಾನು ಮಷಿನ್‌ಗಳನ್ನು ಗೋಡೆಗೆ ಸರಿಸಿದೆ. ಅತ್ತೆ ನನ್ನ ಕೋಣೆಯನ್ನು ಹಾದು, ನನ್ನ ಬಾಗಿಲಿನಿಂದ ಹೊರಟರು. ಎಲ್ಲೂ ತಾಗಲಿಲ್ಲ.