ವಾರಿಜಕ್ಕನ ವ್ಯತ್ಯಾಸಗಳು

ಎಸ್ಸೆಲ್ಸಿಯಲ್ಲಿ ಹುಡುಗಿಗೆ ಇಂಗ್ಲಿಷ್ ಕೈಕೊಟ್ಟಿತೆಂದರೆ ಅವಳ ಮಡಿಲಿಗೆ ಬೀಡಿ ಕಟ್ಟುವ ಗೆರಸೆ ಬರುತ್ತಿದ್ದ ಕಾಲ ಅದು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕಡಬದ ಹತ್ತಿರ ಮಾರ್ಗದ ಬದಿಯಲ್ಲಿ ನಮ್ಮ ಮನೆ. ಅದರ ಜಗಲಿಯಲ್ಲಿ ಯಾವಾಗಲೂ ಹೊಗೆಸೊಪ್ಪಿನ ವಾಸನೆ, ನಡುನಡುವೆ ಯಾರದ್ದಾದರೂ ಸೀನು. ಓದುವ ನಿಮ್ಮಲ್ಲಿ ಕೆಲವರಿಗೆ ಇಷ್ಟು ಹೇಳಿದರೆ ಸಾಕು, ಮೂಗು ಉರಿಯಲು ಶುರುವಾಗುತ್ತದೆ.

ನನ್ನ ಅಕ್ಕ ವಾರಿಜ ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಸಿಕ್ಕಿಬಿದ್ದಿದ್ದಳು. ಅವಳಿಗೆ ಟೀಚರಾಗುವ ಆಸೆ. ನಮ್ಮದು ಅಳಿಯಕಟ್ಟಿನ ಮನೆ. ಅಪ್ಪ ಎದುರಿಗೇ ಕೂತಿದ್ದರೂ ಮಕ್ಕಳ ವಿಷಯದಲ್ಲಿ ಕೊನೆಯ ಮಾತು ಅಮ್ಮನ ಅಣ್ಣ ಸಂಜೀವ ಮಾವನದು. ಮಾವ ಬಂದರು, ಚಾ ಕುಡಿದರು, ತೀರ್ಪು ಕೊಟ್ಟರು.

"ಅಕ್ಟೋಬರದ ಪರೀಕ್ಷೆ ಇನ್ನೊಂದು ಸಲ ಬರೆಯಲಿ. ಪಾಸಾದರೆ ಟೀಚರ್ ಟ್ರೈನಿಂಗಿಗೆ ನಾನೇ ಕರ್ಕೊಂಡು ಹೋಗಿ ಸೇರಿಸ್ತೇನೆ. ಆಗದಿದ್ದರೆ ಮಂಡೆಕೋಲಿನವರು ಕೇಳ್ತಾ ಇದ್ದಾರೆ, ಒಳ್ಳೆ ಸಂಬಂಧ ಉಂಟು. ಮತ್ತೆ ಕೊಸರಾಡ್ಲಿಕ್ಕಿಲ್ಲ."

ಅಕ್ಕ ಹೂಂ ಅಂದಳು. ನಿದ್ದೆಗೆಟ್ಟದ್ದು ನಾನು. ನಾನು ಹೆದರುವುದರಲ್ಲಿ ಚಿಕ್ಕಂದಿನಿಂದಲೇ ಪ್ರವೀಣೆ. ಬಸ್ಸು ತಡವಾದರೆ ಹೊಳೆಗೆ ಬಿದ್ದಿರಬೇಕು, ಬೇಗ ಬಂದರೆ ಬ್ರೇಕು ಹೋಗಿರಬೇಕು. ಈ ವಯಸ್ಸಿನಲ್ಲೂ ಅದೇ ಪಾಠ ಮುಂದುವರಿದಿದೆ.

ಮಳೆಗಾಲದ ಆಟಿ ಮತ್ತು ಸೋಣ, ಆ ಎರಡು ತಿಂಗಳು ಜಗಲಿಯೇ ಶಾಲೆ. ಬೀಡಿ ಕಟ್ಟುವವರ ಕೈಗೆ ಬಿಡುವಿಲ್ಲ, ಕಿವಿಗೆ ಉಂಟು. ಹಾಗಾಗಿ ಬೀಡಿ ಕಟ್ಟುವ ಮನೆಗಳಲ್ಲಿ ಒಬ್ಬರು ಗಟ್ಟಿಯಾಗಿ ಏನಾದರೂ ಓದುವುದು, ಉಳಿದವರು ಕೇಳುತ್ತ ಎಲೆ ಸುತ್ತುವುದು ರೂಢಿ. ಬೇರೆ ಕಡೆ ಧಾರಾವಾಹಿ ಓದುತ್ತಿದ್ದರು. ನಮ್ಮಲ್ಲಿ ನಾನು ಅಕ್ಕನ ಇಂಗ್ಲಿಷ್ ಗೈಡು ಓದುತ್ತಿದ್ದೆ. ಅಕ್ಕ, ಅಮ್ಮ, ಪಕ್ಕದ ಮನೆಯ ಆಯಿಸಮ್ಮ, ಮೂವರು ಗೆರಸೆ ಇಟ್ಟುಕೊಂಡು ಕೂರುತ್ತಿದ್ದರು. ಇಂಗ್ಲಿಷಿನ ಪದ ಗೈಡಿನ ಕನ್ನಡದಿಂದ ನಮ್ಮ ತುಳುವಿಗೆ ಇಳಿದು, ಆಯಿಸಮ್ಮನ ಬ್ಯಾರಿ ಭಾಷೆಗೂ ಹೋಗಿ ಬರುವಷ್ಟರಲ್ಲಿ ಹುರಿದ ಹಲಸಿನ ಬೀಜ ಖಾಲಿಯಾಗಿರುತ್ತಿತ್ತು. ಮೇಲ್ವಿಚಾರಕಿ ನಾನೇ ತಿಂದಿರುತ್ತಿದ್ದೆ.

ಅಕ್ಕನಿಗೆ ಕಷ್ಟವಾಗಿದ್ದದ್ದು ಜೋಡಿ ಪದಗಳು. ಎರಡಕ್ಕೂ ಕನ್ನಡದಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥ. ಪರೀಕ್ಷೆಯಲ್ಲಿ ವ್ಯತ್ಯಾಸ ತೋರಿಸಿ ಸ್ವಂತ ವಾಕ್ಯ ಬರೆಯಬೇಕು. ಬೀಡಿಯವರಾದ ನಮಗೆ ಒಂದು ಚಟ: ಯಾವುದೇ ಎರಡು ವಸ್ತು ಕಂಡರೂ ಒಂದು ಒಳ್ಳೆಯದು, ಇನ್ನೊಂದು ಬಿಸಾಡುವಂಥದ್ದು ಎಂದು ಬೇರ್ಪಡಿಸುವುದು.

"ಸ್ಟೀಲ್, ರಾಬ್," ಎಂದು ಓದಿದೆ. "ಎರಡೂ ಕದಿಯುವುದೇ."

"ಅದರಲ್ಲಿ ಯಾವುದು ಒಳ್ಳೇದು?" ಆಯಿಸಮ್ಮ ಕೇಳಿದಳು.

"ಕದಿಯುದರಲ್ಲಿ ಒಳ್ಳೇದು ಎಂತ ಬಂತು ಮಾರಾಯ್ತಿ!" ಅಮ್ಮ ನಕ್ಕಳು.

ಅಕ್ಕ ಸುತ್ತುತ್ತಿದ್ದ ಬೀಡಿ ನಿಲ್ಲಿಸಿ ಯೋಚಿಸಿದಳು. "ನಾವು ಕಾಣದ ಹಾಗೆ ತೆಗೊಂಡು ಹೋದರೆ ಸ್ಟೀಲ್. ನಮ್ಮ ಎದುರೇ ಹೆದರಿಸಿ ತೆಗೊಂಡರೆ ರಾಬ್."

"ಹಾಗಾದರೆ ಬೀಡಿ ಬ್ರಾಂಚಿನ ಚೆಕ್ಕರ್ ಸರಿ ಇಲ್ಲ ಅಂತ ನಮ್ಮ ಬೀಡಿ ಎದುರೇ ಇಟ್ಕೊಳ್ಳುದು ರಾಬ್," ಎಂದಳು ಆಯಿಸಮ್ಮ. "ಬರ್ಕೊ ವಾರಿಜಾ, ವಾಕ್ಯ ಸಿಕ್ಕಿತಲ್ಲ!"

ಹೀಗೆ ಕಲಿತದ್ದು. ಬೆಳಗಿನ ಬಸ್ಸು ಬರುತ್ತದೆ ಎಂದು ಕಾಯುವುದು ಎಕ್ಸ್‌ಪೆಕ್ಟ್, ಅದರಲ್ಲಿ ಸೀಟು ಸಿಗಲಿ ಎನ್ನುವುದು ಹೋಪ್. ಕಣ್ಣಿಗೆ ಬಿದ್ದರೆ ಸೀ, ತಿರುಗಿ ನೋಡಿದರೆ ಲುಕ್, ಅಮ್ಮ ಒಲೆಯ ಮೇಲಿನ ಹಾಲನ್ನು ನೋಡುವುದು ವಾಚ್. ಕೊಡಲು ಬಂದದ್ದನ್ನು ಒಲ್ಲೆ ಎಂದರೆ ರಿಫ್ಯೂಸ್, ಮಾಡಿದ್ದನ್ನು ಮಾಡಿಲ್ಲ ಎಂದರೆ ಡಿನೈ. ಕೊನೆಯದಕ್ಕೆ ಎಲ್ಲರೂ ಒಟ್ಟಿಗೆ ಖಾಲಿ ಹಲಸಿನ ಬೀಜದ ತಟ್ಟೆಯನ್ನೂ ನನ್ನನ್ನೂ ನೋಡಿದರು.

ಅಕ್ಕನ ಮುಖದಲ್ಲಿ ಆ ಎರಡು ತಿಂಗಳು ಒಂದು ಬೆಳಕಿತ್ತು. ಒಂದೇ ಎಂದುಕೊಂಡಿದ್ದ ಎರಡು ಮಾತು ಬೇರೆಬೇರೆ ಎಂದು ತಿಳಿದಾಗ ಅವಳು ಮೆಲ್ಲಗೆ "ಓ" ಎನ್ನುತ್ತಿದ್ದಳು, ಕತ್ತಲ ಕೋಣೆಯಲ್ಲಿ ಇನ್ನೊಂದು ಕಿಟಕಿ ಸಿಕ್ಕಿದವಳ ಹಾಗೆ.

ಪುತ್ತೂರಿಗೆ ಹೋಗಿ ಪರೀಕ್ಷೆ ಬರೆದು ಬಂದಳು. ಫಲಿತಾಂಶದ ದಿನ ಅಪ್ಪ ಕಡಬದಿಂದ ಪೇಪರು ತಂದರು. ನಂಬರು ಇತ್ತು. ಅಚ್ಚಿನ ತಪ್ಪಾಗಿದ್ದರೆ ಎಂದು ನಾನು ಅತ್ತೆ. ಆಯಿಸಮ್ಮ ತುಪ್ಪದ ವಾಸನೆಯ ನೆಯ್ಯಪ್ಪ ಮಾಡಿ ತಂದಳು. ಅಕ್ಕ ತನ್ನ ಗೆರಸೆಯನ್ನು ಕೊಡವಿ, ಗೋಡೆಗೆ ಬೋರಲು ಒರಗಿಸಿಟ್ಟಳು.

ಮಾವ ಬಂದದ್ದು ಆ ವಾರವೇ. ಅವರಿಗೂ ಖುಷಿ, ನಟನೆಯಲ್ಲ.

"ಮಂಡೆಕೋಲಿನವರಿಗೆ ಸುದ್ದಿ ಮುಟ್ಟಿತು. ಎಸ್ಸೆಲ್ಸಿ ಪಾಸಾದ ಹುಡುಗಿ ಅಂತ ಅವರಿಗೆ ಈಗ ಇನ್ನೂ ಆಸೆ ಆಗಿದೆ. ಟ್ರೈನಿಂಗಿಗೆ ಮದುವೆಯ ಮೇಲೆ ಅವರೇ ಕಳಿಸ್ತಾರಂತೆ. ನಾನು ಬಾಯಿಬಿಟ್ಟು ಕೇಳಿಯೇ ಬಂದದ್ದು."

ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. "ಬೇಡ ಮಾವ," ಎಂದಳು.

ಮಾವ ಅಮ್ಮನ ಮುಖ ನೋಡಿ ನಕ್ಕರು. ಅಮ್ಮನೂ ನಕ್ಕಳು. ಏಕೆಂದರೆ ನಮ್ಮಲ್ಲಿ ಮದುವೆಯ ಮಾತು ಬಂದಾಗ ಹುಡುಗಿ ಬೇಡ ಅನ್ನಲೇಬೇಕಿತ್ತು. ಕೂಡಲೇ ಒಪ್ಪಿದರೆ ನಾಚಿಕೆಗೆಟ್ಟವಳು. ಅಮ್ಮ ಅಂದಿದ್ದಳು, ಅಜ್ಜಿ ಅಂದಿದ್ದಳು, ಊರಿನ ಮರ್ಯಾದಸ್ಥ ಹೆಂಗಸರೆಲ್ಲ ಬೇಡ ಅಂದೇ ಮದುವೆಯಾದವರು.

"ನಿಜವಾಗಿ ಬೇಡ ಮಾವ. ನೀವು ಮಾತು ಕೊಟ್ಟಿದ್ರಿ."

"ನೋಡು, ಹೇಗೆ ಬೆಳೆಸಿದ್ದಿ ಮಗಳನ್ನು!" ಎಂದು ಮಾವ ಅಮ್ಮನನ್ನು ಹೊಗಳಿದರು.

ಆಮೇಲೆ ಅವಳು ಅತ್ತಳು. ತವರಿನ ಮೇಲೆ ಎಷ್ಟು ಪ್ರೀತಿ ಅಂದರು. ಊಟ ಬಿಟ್ಟಳು, ಎಲ್ಲರೂ ಬಿಡುವುದೇ ಅಂದರು. ಅಮ್ಮನನ್ನು ಕೂರಿಸಿಕೊಂಡು, ಜಗಲಿಯಲ್ಲಿ ಜೋಡಿ ಪದ ಬಿಡಿಸಿದ ಅದೇ ತಾಳ್ಮೆಯಿಂದ, "ನಾಚಿಕೆಗೆ ಹೇಳುದು ಬೇರೆ ಅಮ್ಮ, ನಾನು ಹೇಳುದು ಬೇರೆ," ಎಂದಳು. "ನಾನೂ ಹಾಗೆಯೇ ಹೇಳಿದ್ದೆ ಮಗಾ," ಎಂದು ಅಮ್ಮ ತಲೆ ಸವರಿದಳು. ಒಲ್ಲೆನೆಂಬ ಹುಡುಗಿಗೂ ನಾಚುವ ಹುಡುಗಿಗೂ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಾತು. ಅವಳು ಅದನ್ನು ಎಷ್ಟು ಗಟ್ಟಿಯಾಗಿ ಹೇಳಿದಳೋ ಅಷ್ಟು ಒಳ್ಳೆಯ ಮದುಮಗಳಾದಳು.

ಭಾವ ಕೆಟ್ಟವರಲ್ಲ. ಅವರ ಅಮ್ಮನಿಗೆ ಹುಷಾರಿಲ್ಲವೆಂದು ಮೊದಲ ವರ್ಷ ಟ್ರೈನಿಂಗ್ ಮುಂದೆ ಹೋಯಿತು. ಆಮೇಲೆ ಬಾಣಂತನ. ಆಮೇಲೆ ಕೇಳುವವರೂ ಇರಲಿಲ್ಲ, ನೆನಪಿಸುವವರೂ ಇರಲಿಲ್ಲ. ಟ್ರೈನಿಂಗಿಗೆ ಹೋದದ್ದು ನಾನು, ಅದೂ ಸಂಜೀವ ಮಾವನ ಜೊತೆಗೇ. ಜಗಲಿಯಲ್ಲಿ ಪುಕ್ಕಟೆ ಕಲಿತ ವ್ಯತ್ಯಾಸಗಳ ಬಲದಿಂದ ನಾನು ಇಂಗ್ಲಿಷಿನಲ್ಲಿ ಒಮ್ಮೆಗೇ ಪಾಸಾಗಿದ್ದೆ. ಹೆದರುಪುಕ್ಕಲಿಗೆ ಟೀಚರ್ ಕೆಲಸ ಕೊಟ್ಟ ಸರ್ಕಾರದ ಧೈರ್ಯಕ್ಕೆ ನಾನು ಇಂದಿಗೂ ಬೆರಗಾಗುತ್ತೇನೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಮಂಡೆಕೋಲಿಗೆ ಹೋಗಿದ್ದೆ. ಅಕ್ಕ ಮೀನು ಶುದ್ಧ ಮಾಡುತ್ತಿದ್ದಳು. ಅವಳ ಮಗಳು ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದಳು.

"ಅಮ್ಮಾ, ಬ್ರಿಂಗ್‌ಗೂ ಟೇಕ್‌ಗೂ ಎಂತ ವ್ಯತ್ಯಾಸ?"

"ನಂಗೆಂತ ಗೊತ್ತುಂಟು ಮಗಾ? ಚಿಕ್ಕಮ್ಮನ ಹತ್ರ ಕೇಳು."

ನಾನು ಅವಳ ಮುಖವನ್ನೇ ನೋಡುತ್ತ ಕೂತೆ. ಗೊತ್ತಿದ್ದೂ ಗೊತ್ತಿಲ್ಲ ಅನ್ನುತ್ತಿದ್ದಾಳೆ, ಒಳಗೆಲ್ಲೋ ಸಿಟ್ಟು ಇದೆ, ಈಗ ಒಂದು ಸಣ್ಣ ಗೆರೆ ಮೂಡುತ್ತದೆ ಎಂದು ಕಾದೆ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಜಗಲಿಯ ಹುಡುಗಿ ಎಲ್ಲಾದರೂ ಉಳಿದಿದ್ದಾಳೆ ಎಂದಾದರೂ ಅಂದುಕೊಳ್ಳಬಹುದಿತ್ತು. ಆದರೆ ಅಕ್ಕ ನಿಶ್ಚಿಂತೆಯಿಂದ ಮೀನಿನ ಹುರುಪೆ ಕೆರೆಯುತ್ತಿದ್ದಳು.

"ಹೇಳಿಕೊಡು ಮಾರಾಯ್ತಿ," ಎಂದಳು ನನಗೆ. "ಎರಡೂ ಒಂದೇ ಅಲ್ವಾ?"