ತಂತಿ ಬಿಗಿದ ತೆಂಗಿನಮರ

ಪ್ರಕೃತಿಯ ಮುಂದೆ ಮನುಷ್ಯ ತೀರಾ ಅಲ್ಪ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರಿಗೆ ನಾನು ಅಣ್ಣಯ್ಯ ಎಂದು ಕರೆಯುವ ನನ್ನ ದೊಡ್ಡಪ್ಪನ ಮಗನ ಪರಿಚಯವಿಲ್ಲ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಬೀಸಿದ ಗಾಳಿ ನಮ್ಮ ಹಿತ್ತಲಲ್ಲಿ ಮಾಡಿದ ಅನಾಹುತದಲ್ಲಿ ಪ್ರಕೃತಿಯ ಪಾಲು ಅರ್ಧ. ಉಳಿದರ್ಧ ಇವನ ಸ್ವಂತ ದುಡಿಮೆ.

ಹೆಮ್ಮಾಡಿಯಿಂದ ಎರಡು ಮೈಲಿ ಒಳಗೆ ನಮ್ಮಿಬ್ಬರ ಮನೆ ಅಕ್ಕಪಕ್ಕ, ನಡುವೆ ಸೊಂಟದೆತ್ತರದ ಕಲ್ಲುಗೋಡೆಯ ಪಾಗಾರ. ಪಾಗಾರದಾಚೆ, ಮೂಡು ಬದಿಯಲ್ಲಿ, ಅವನದೊಂದು ತೆಂಗಿನಮರ. ಹುಟ್ಟಿದ್ದು ಅವನ ಜಾಗದಲ್ಲಿ, ಬೆಳೆದದ್ದು ನನ್ನ ಆಕಾಶದಲ್ಲಿ. ಬಾಗಿ ಬಾಗಿ ಅದರ ತಲೆ ಸರಿಯಾಗಿ ನಮ್ಮ ದನದ ಹಟ್ಟಿಯ ಹೆಂಚಿನ ಮೇಲೆ ಬಂದಿತ್ತು. ಕಡಿಸಿ ಎಂದು ಮೂರು ವರ್ಷ ಹೇಳಿದೆ. ಆದರೆ ನಮ್ಮ ಕಡೆ ಕಾಯಿ ಬಿಡುವ ತೆಂಗಿಗೆ ಸುಲಭಕ್ಕೆ ಕತ್ತಿ ಹಾಕುವವರಿಲ್ಲ. ಬಾಗಿದರೆ ತಂತಿ ಕಟ್ಟುತ್ತಾರೆ. ಬಾಗಿದ ಮರದ ಕುತ್ತಿಗೆಗೆ ಕಬ್ಬಿಣದ ತಂತಿ ಬಿಗಿದು, ಇನ್ನೊಂದು ತುದಿಯನ್ನು ಹಿಂದಿನ ಗಟ್ಟಿ ಮರವೊಂದಕ್ಕೆ ಸುತ್ತುವುದು ಪದ್ಧತಿ. ಪದ್ಧತಿಯಲ್ಲಿ ‘ಗಟ್ಟಿ’ ಎಂಬ ಮಾತಿದೆ. ಇವನು ಸುತ್ತಿದ್ದು ಗದ್ದೆಯಂಚಿನಲ್ಲಿ ಅರ್ಧ ಬೇರು ಹೊರಗೆ ಹಾಕಿಕೊಂಡು ನಿಂತಿದ್ದ ಇನ್ನೊಂದು ತೆಂಗಿಗೆ. ಒಬ್ಬ ಕುಡುಕನನ್ನು ಹಿಡಿದು ನಿಲ್ಲಿಸಲು ಇನ್ನೊಬ್ಬ ಕುಡುಕನನ್ನು ನೇಮಿಸಿದ ಹಾಗೆ.

“ಹೆದ್ರಬೇಡ ಮಾರಾಯ. ಇನ್ ಆ ಮರ ಬಿದ್ರೆ ನನ್ ಕಿವಿ ಕೊಯ್ದ್ ಕೊಡ್ತೆ,” ಎಂದ.

ಅವನ ಕಿವಿಯಿಂದ ನನಗಾಗಬೇಕಾದ್ದೇನೂ ಇರಲಿಲ್ಲ. ಹಟ್ಟಿಯಲ್ಲಿ ಇದ್ದದ್ದು ಒಂದೇ ದನ. ಎರಡು ವರ್ಷ ಗಬ್ಬ ನಿಲ್ಲದೆ, ದನದ ಡಾಕ್ಟರರು ಮೂರು ಸಲ ಬಂದು ಹೋಗಿ, ಕೊನೆಗೂ ನಿಂತಿತ್ತು. ಕರು ಹಾಕಲು ಇನ್ನೆರಡು ವಾರ. ನನ್ನ ಹೆಂಡತಿ ಅದಕ್ಕೆ ದಿನಾ ಗಂಜಿ ಕುಡಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನ ಒದೆತವನ್ನು ನನಗೆ ವರದಿ ಮಾಡುತ್ತಿದ್ದಳು. ಕರು ಹಾಕುವ ತನಕ ದನವನ್ನು ಜಗಲಿಯಲ್ಲಿ ಕಟ್ಟುವ ಎಂದೂ ಹೇಳಿದಳು. ನಾನು ಒಪ್ಪಲಿಲ್ಲ. ದನವನ್ನು ಸರಿಸಿದರೆ ಮರ ಅಲ್ಲೇ ಇರಲಿ ಎಂದು ರುಜು ಹಾಕಿಕೊಟ್ಟ ಹಾಗೆ ಎಂಬುದು ನನ್ನ ಘನವಾದ ನಿಲುವು.

“ಹಠ ನಿಮ್ದ್, ಹೊಟ್ಟಿ ಅದ್ರದ್ದ್,” ಎಂದಳು.

ನಾನು ಪೇಪರ್ ಬಿಡಿಸಿ ಓದತೊಡಗಿದೆ.

ಮಾರನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಘಟ್ಟದ ಕಡೆ ಕಪ್ಪಾಯಿತು. ಮೊದಲು ಒಣಗಲು ಹಾಕಿದ ಬಟ್ಟೆ ಹೋಯಿತು, ಆಮೇಲೆ ಬಚ್ಚಲಿನ ತಗಡು, ಆಮೇಲೆ ಬಟ್ಟೆ ಹಾಕಿದ್ದ ಬಿದಿರೂ ಹೋಯಿತು. ಮಳೆಯಿಲ್ಲ, ಬರೀ ಗಾಳಿ. ಕಿವಿಯ ಪಕ್ಕದಲ್ಲೇ ಲಾರಿ ಹೋದ ಶಬ್ದ, ಆದರೆ ಆ ಲಾರಿ ದಾಟಿ ಹೋಗುವುದೇ ಇಲ್ಲ. ನನ್ನ ಘನವಾದ ನಿಲುವನ್ನು ಜಗಲಿಯಲ್ಲೇ ಬಿಟ್ಟು ಹಟ್ಟಿಗೆ ಓಡಿದೆ.

ದನ ಗೂಟಕ್ಕೆ ಸುತ್ತು ಹಾಕಿ ಹಗ್ಗ ಬಿಗಿದುಕೊಂಡಿತ್ತು. ಬಿಚ್ಚುತ್ತಿರುವಾಗ ಪಾಗಾರದಾಚೆಯಿಂದ ಅಣ್ಣಯ್ಯನ ಕೂಗು.

“ಹ್ವಾಯ್! ದನ ಎಂತಕೆ ಬಿಚ್ಚುದ್? ತಂತಿ ಸಮ ಇತ್ತ್!”

“ತಂತಿ ನಿನ್ ಕುತ್ಗಿಗೆ ಕಟ್ಕೊ!” ಎಂದೆ. ನನಗಿಂತ ನಾಲ್ಕು ವರ್ಷ ದೊಡ್ಡವನಿಗೆ ನಾನು ಏಕವಚನ ಹಾಕಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಹೆಂಡತಿ ಹಿಂದಿನಿಂದ ದೂಡಿದಳು, ನಾನು ಮುಂದಿನಿಂದ ಎಳೆದೆ. ಬಾಗಿಲು ದಾಟಿದೆವೋ ಇಲ್ಲವೋ, ಬಾಗಿದ ಮರ ಹಟ್ಟಿಯ ಮೇಲೆ ಬಂತು. ಹೆಂಚು, ಗೋಡೆ, ಎಲ್ಲ ಒಟ್ಟಿಗೆ ಕೂತುಹೋಯಿತು. ನಾವು ಮೂವರೂ ಹೊರಗಿದ್ದೆವು. ತಂತಿಯೊಂದು ಇಲ್ಲದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಬಿದ್ದ ಮರ ಆ ತಂತಿಯಿಂದ ತನ್ನ ಕಾವಲುಗಾರನನ್ನೂ ಜಗ್ಗಿತು. ಅದು ಗದ್ದೆಯಂಚಿನಿಂದ ಬೇರು ಸಮೇತ ಕಿತ್ತು ಬಂದು, ಪಾಗಾರ ಒಡೆದು, ನಮ್ಮ ಅಂಗಳಕ್ಕೆ ಅಡ್ಡ ಬಿತ್ತು. ಬೆದರಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿದ ದನ ಆ ಕಾಂಡಕ್ಕೇ ಢಿಕ್ಕಿ ಹೊಡೆದು ಹೊಟ್ಟೆಯಡಿಯಾಗಿ ಬಿತ್ತು.

ಗಾಳಿ ಇಳಿದು ಮಳೆ ಶುರುವಾದ ಮೇಲೆ ಅವನು ಬಂದ. ನಾವಿಬ್ಬರೂ ದನದ ಪಕ್ಕ ಕೆಸರಿನಲ್ಲಿ ಕೂತಿದ್ದೆವು. ಅವನು ದನವನ್ನು ನೋಡಲಿಲ್ಲ. ಬಗ್ಗಿ, ತಂತಿಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿದ.

“ಕಾಣ್ ಮಾರಾಯ, ಗಂಟ್ ಬಿಚ್ಚಲೇ ಇಲ್ಲ!”

ನನ್ನ ಹೆಂಡತಿ ಅವನೆದುರು ಯಾವತ್ತೂ ದನಿ ಎತ್ತಿದವಳಲ್ಲ. ಎದ್ದು ನಿಂತು ಸೆರಗು ಹಿಂಡಿದಳು. “ಬಾವಯ್ಯ, ನಿಮ್ ಗಂಟ್ ತಕಂಡ್ ಮನಿಗ್ ಹೋಯ್ನಿ.”

ಹೋದ. ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದು ಮತ್ತೆ ಬಂದು, ಎರಡೂ ಮರಗಳ ಸೀಯಾಳ ಆರಿಸಿಕೊಂಡ. ಮರ ಅವನದ್ದು ತಾನೇ. ಹೋಗುವಾಗ ಎರಡು ಸೀಯಾಳ ನಮ್ಮ ಮೆಟ್ಟಿಲ ಮೇಲಿಟ್ಟ. ಇಂದಿಗೂ ನನ್ನ ಮೈ ಉರಿಯುವುದು ಆ ಎರಡಕ್ಕೆ. ಎಲ್ಲವನ್ನೂ ಹೊತ್ತು ಹೋಗಿದ್ದರೆ ಸರಾಗವಾಗಿ ಬೈಯಬಹುದಿತ್ತು. ಎರಡನ್ನೂ ಪಾಗಾರದಾಚೆಗೆ ಎಸೆದೆ. ಒಂದು ಅವನ ತುಳಸಿಕಟ್ಟೆಗೆ ತಾಗಿತು. ತುಳಸಿಯ ಕ್ಷಮೆ ಕೇಳಿದ್ದೇನೆ, ಅವನದ್ದು ಕೇಳಿಲ್ಲ. ಈ ಸಿಟ್ಟಿನಲ್ಲಿ ನನಗೂ ಒಂದು ಪಾಲು ಸಲ್ಲಬೇಕೆಂಬುದು ಗೊತ್ತಿದೆ. ಗೊತ್ತಿರುವುದರಿಂದ ಅದು ತಣ್ಣಗಾಗುವುದಿಲ್ಲ.

ದಾರಿಗೆ ಬಿದ್ದ ಮರಗಳನ್ನು ದಾಟಿಕೊಂಡು ದನದ ಡಾಕ್ಟರರು ಮಧ್ಯಾಹ್ನ ಬಂದರು. ಹೊಟ್ಟೆ ಒತ್ತಿ ನೋಡಿ, ಇಂಜೆಕ್ಷನ್ ಕೊಟ್ಟು, ಕಾದು ನೋಡುವ ಎಂದರು. ಹೆಂಡತಿ ನನ್ನನ್ನು ಕೇಳದೆ ದನವನ್ನು ಜಗಲಿಯಲ್ಲಿ ಕಟ್ಟಿ, ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು. ಆ ದಿನ ಒದೆತದ ವರದಿ ಬರಲಿಲ್ಲ.

ಮೂರನೆಯ ದಿನ ದನ ಸತ್ತ ಹೆಣ್ಣುಕರು ಹಾಕಿತು.