ಒಮ್ಮೆ ಬಂದುಹೋದವರು

ಮೊದಲ ದಿನ, ಸೋಮವಾರ. ಬೆಳಿಗ್ಗೆ ಆರಕ್ಕೆ ಅವ್ವನ ಜ್ವರ ನೂರಾ ಒಂದು. ಮಧ್ಯಾಹ್ನ ನೂರಾ ಎರಡು. ಒಣ ಕೆಮ್ಮು. ಊಟ ಅರ್ಧ ರೊಟ್ಟಿ. ಟೆಸ್ಟ್ ಪಾಸಿಟಿವ್.

ಕೊರೊನಾದ ಎರಡನೇ ಅಲೆ ಅದು. ಕಾಲುವೆಗೆ ನೀರು ನಿಲ್ಲಿಸಿದ್ದರು, ಹೊಲದಲ್ಲಿ ಕೆಲಸವಿರಲಿಲ್ಲ. ಶಹಾಪುರದ ಕಾಲೇಜು ಮುಚ್ಚಿದ್ದರಿಂದ ನಾನೂ ಊರಿಗೆ ಬಂದಿದ್ದೆ. ಮನೆಯಲ್ಲಿ ನಾಲ್ವರು: ಅವ್ವ, ಅಣ್ಣ, ಅಣ್ಣನ ಹೆಂಡತಿ ನಾಗಮ್ಮ ವೈನಿ, ನಾನು. ಅವ್ವನನ್ನು ಹಿಂದಿನ ಕೋಣೆಗೆ ಹಾಕಿದೆವು. ಒಳಗೆ ಹೋಗಿ ಅವಳನ್ನು ನೋಡಿಕೊಳ್ಳುವವರು ಯಾರು?

ನಮ್ಮೂರಲ್ಲಿ ಯಾರಿಗಾದರೂ ಮೈಮೇಲೆ ಅಮ್ಮ ಎದ್ದರೆ, ಅಂದರೆ ಸಿತಾಳೆ ಸಿಡುಬು ಬಂದರೆ, ಬಾಗಿಲಿಗೆ ಬೇವು ಸಿಕ್ಕಿಸುತ್ತಾರೆ. ಹಿಂದೆ ಅಮ್ಮ ಎದ್ದು ಮೈಮೇಲೆ ಕಲೆ ಉಳಿದವರು ಮಾತ್ರ ಒಳಗೆ ಹೋಗಿ ಗಂಜಿ ಕುಡಿಸುತ್ತಾರೆ. ಒಮ್ಮೆ ಬಂದುಹೋದವರಿಗೆ ಅದು ಮತ್ತೆ ಬರುವುದಿಲ್ಲ. ಈ ನಿಯಮ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ನಾನು ಬಿ.ಎಸ್ಸಿ. ಓದುವವಳು, ಇದಕ್ಕೆ ಇಮ್ಯೂನಿಟಿ ಎನ್ನುತ್ತಾರೆಂದೂ ಗೊತ್ತಿತ್ತು.

ಡೈರಿಯಿಂದ ಹಾಳೆ ಹರಿದು ನಡುವೆ ಗೆರೆ ಎಳೆದೆ. ಎಡಕ್ಕೆ ‘ಬಂದುಹೋದವರು’, ಬಲಕ್ಕೆ ‘ಬರದವರು’. ವೈನಿಗೆ ಹಿಂದಿನ ವರ್ಷ ಕೊರೊನಾ ಬಂದು ಐದು ದಿನದಲ್ಲಿ ಇಳಿದಿತ್ತು. ಎಡಕ್ಕೆ ಅವಳ ಹೆಸರು. ಅದೊಂದೇ.

“ಭಾರಿ ಸಾಹೇಬ್ತಿ ಆಗೀ ಬಿಡು,” ಎಂದು ವೈನಿ ನಕ್ಕಳು. “ಒಂದ ಹೆಸರಿಗೆ ಇಷ್ಟುದ್ದ ಹಾಳಿ ಬೇಕಿತ್ತೇನ?”

“ನಾನ ಹೋಗ್ತೀನಿ. ನಮ್ಮವ್ವ ಅಕಿ,” ಎಂದ ಅಣ್ಣ.

“ನಿನಗ ಇನ್ನಾ ಬಂದಿಲ್ಲಣ್ಣ. ವೈನಿಗೆ ಮತ್ತ ಬರಂಗಿಲ್ಲ.”

ಬರಂಗಿಲ್ಲ. ಅಷ್ಟು ಖಾತ್ರಿಯಾಗಿ ಹೇಳಿದೆ.

ಆರನೇ ದಿನ ಅವ್ವನ ಜ್ವರ ಇಳಿಯಿತು. ಒಂದೂವರೆ ರೊಟ್ಟಿ ತಿಂದಳು. ಅವ್ವನಿಗೆ ಕಿವಿ ಮಂದ, ಮಾಸ್ಕಿನ ಒಳಗಿನ ಮಾತು ಕೇಳಿಸದು. ಹಾಗಾಗಿ ವೈನಿ ಮೂರನೇ ದಿನವೇ ಮಾಸ್ಕ್ ತೆಗೆದಿಟ್ಟಿದ್ದಳು. ನಾನು ನೋಡಿದ್ದೆ. ಬೇಡ ಎನ್ನಲಿಲ್ಲ.

ಏಳನೇ ದಿನ. ನಾನು ಅಂಗಳದಿಂದ ಕೂಗಿದೆ: “ವೈನಿ, ಬ್ಯಾಳಿ ಹತ್ತಿದ ವಾಸನಿ ಬರಾಕತ್ತಾದ!”

“ಎಲ್ಲಿ?” ಎಂದಳು.

ಅವಳು ಒಲೆಯ ಮುಂದೆಯೇ ನಿಂತಿದ್ದಳು.

ಎಂಟನೇ ದಿನ ವೈನಿಗೂ ಜ್ವರ. ಹತ್ತನೇ ದಿನ ಆಕ್ಸಿಮೀಟರ್ ಎಂಬತ್ತೆಂಟು ತೋರಿಸಿತು. ಬೆರಳು ಬದಲಿಸಿದೆ. ಎಂಬತ್ತೇಳು. ಶಹಾಪುರಕ್ಕೆ ಹೋಗುವ ದಾರಿಯುದ್ದಕ್ಕೂ ಅವಳ ಉಸಿರು ಎಣಿಸಿದೆ, ನಿಮಿಷಕ್ಕೆ ಮೂವತ್ನಾಲ್ಕು. ಬೆಡ್ ಸಿಕ್ಕಿತು. ಆಕ್ಸಿಜನ್ ಹಾಕಿದರು.

“ಹೋದ ವರ್ಷನ ಬಂದು ಹೋಗ್ಯಾದ್ರಿ ಡಾಕ್ಟ್ರ. ಮತ್ತ ಹೆಂಗ?” ಎಂದು ಕೇಳಿದೆ.

ಡಾಕ್ಟರ್ ಗೋಡೆಗೆ ಒರಗಿ ನಿಂತರು. “ಇದು ಆವತ್ತಿಂದಲ್ಲವ್ವ. ವೈರಸ್ ತನ್ನ ನಕಲು ತಾನ ಮಾಡ್ಕೋತ ಹೋಗ್ತಾದ. ಮಾಡ್ತಾ ಮಾಡ್ತಾ ತಪ್ಪು ಬೀಳ್ತಾವ. ಕೆಲವು ತಪ್ಪಿಗೆ ಅದ ಸಾಯ್ತಾದ. ಯಾವ್ದೋ ಒಂದು ತಪ್ಪಿಗೆ ಅದರ ಮಾರಿ, ಅಂದ್ರ ಮುಖಾನ, ಬದಲಾಗ್ತಾದ. ನಮ್ಮ ಮೈ ಹಳೇ ಮಾರಿ ನೆನಪಿಟ್ಟಿರ್ತಾದ, ಹೊಸಾದರ ಗುರ್ತ ಪೂರಾ ಹತ್ತಂಗಿಲ್ಲ. ದಿನಾ ಹೋದಂಗ ನೆನಪೂ ಮಾಸ್ತಾದ.”

“ಅಮ್ಮ ಎದ್ದೋರಿಗೆ ಮತ್ತ ಬರಂಗಿಲ್ಲಲ್ರಿ?”

“ಬಹಳ ಮಂದಿಗೆ ಬರಂಗಿಲ್ಲ. ಅದು ಇಷ್ಟು ಬದಲಾಗಂಗಿಲ್ಲ. ಇದು ಆಗ್ತಾದ.”

ವೈರಸ್ಸಿಗೆ ಹಗೆ ಇಲ್ಲ, ಹೂಟ ಇಲ್ಲ, ನಾವು ಯಾರೆಂಬುದೂ ಗೊತ್ತಿಲ್ಲ. ಬರೀ ಒಂದು ಕೈತಪ್ಪು ಉಳಿದುಕೊಂಡು, ಅವಳ ಮೈಯೊಳಗೆ ಕಾವಲಿದ್ದ ನೆನಪಿನ ಎದುರಿನಿಂದಲೇ ಹಾದು ಹೋಗಿತ್ತು ಎನ್ನುವುದು ನನ್ನನ್ನು ಈಗಲೂ ಬಿಡುವುದಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಬೇಕೆಂದರೆ ಅಲ್ಲಿ ಯಾರೂ ಇಲ್ಲ. ನಾನಿದ್ದೇನೆ.

ಅಣ್ಣ ಆಸ್ಪತ್ರೆಯ ಗೇಟಿನ ಹೊರಗೆ ಕೂತಿರುತ್ತಿದ್ದ. ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಐದನೇ ದಿನ ಹೇಳಿದ: “ನಾ ಹೋಗ್ತೀನಿ ಅಂದಿದ್ದೆ.”

ಅಷ್ಟೇ.

ಆಕ್ಸಿಜನ್ ಒಂಬತ್ತು ದಿನ. ಆಸ್ಪತ್ರೆ ಸೇರಿದ ಹನ್ನೆರಡನೇ ದಿನ ಡಿಸ್ಚಾರ್ಜ್. ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ನಿಂತು ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

ಮಳೆಗಾಲಕ್ಕೆ ಕಾಲುವೆಗೆ ನೀರು ಬಿಟ್ಟರು. ನಾಟಿ ಗದ್ದೆ ನೋಡಬೇಕೆಂದು ವೈನಿ ಹಟ ಹಿಡಿದಳು. ಕಾಲುವೆ ಏರಿಯ ಮೇಲೆ ಮೂರು ಕಡೆ ಉಸಿರಿಗಾಗಿ ನಿಂತಳು. ಮೂರನೆಯ ಸಲ ನಾನು ಹೇಳಿಯೇಬಿಟ್ಟೆ.

“ವೈನಿ, ನಿನ್ನ ಒಳಗ ಕಳಿಸಿದ್ದು ನಾನು.”

ಅವಳು ಉಸಿರು ಹಿಡಿದು ಹಿಡಿದು ಮಾತಾಡಿದಳು. “ನಿನ್ನ ಹಾಳಿ ನೋಡಿ ಹೋದ್ನೇನ ನಾ? ಅತ್ತಿ ನೀರು ಕೇಳಾಕತ್ತಿದ್ರು. ನೀ ಗೆರಿ ಎಳಕೋತ ಕುಂತಿದ್ದಿ.”

ನಕ್ಕಳು. ನಗೆ ಕೆಮ್ಮಾಯಿತು. ನಾನು ಅವಳ ಪಕ್ಕಕ್ಕೆ ಸರಿದೆ. ನಿಜ ಹೇಳಿದಳೋ, ನನ್ನ ಸಮಾಧಾನಕ್ಕೆ ಹೇಳಿದಳೋ, ನನಗೆ ತಿಳಿಯುವುದಿಲ್ಲ. ಅವಳ ಕೈಯ ಭಾರ ನನ್ನ ಭುಜದ ಮೇಲೆ ಬಿತ್ತು. ಕೆಮ್ಮು ನಿಂತ ಮೇಲೆ ಅವಳೇ ಮೊದಲು ಹೆಜ್ಜೆ ಎತ್ತಿದಳು.